ಕಾಲಂ ಏಳು: ವೃತ್ತಿ

ದೈದ್ ಊರಿನ ಟೈಪಿಂಗ್ ಸೆಂಟರಿನಾಗ
ಶಂಸೀರ್ ಕೀಬೋರ್ಡಿನ ಮ್ಯಾಲ ಬೆರಳಿಟ್ಟು ಕೂತಿದ್ದ.
ನಿನ್ನ ಕೆಲಸ ಏನು?
ನಾಯಿ, ಬೆಕ್ಕು, ಕತ್ತಿ, ಒಂಟಿ, ಅಂದೆ.
ಅಂಜಿದ್ದು, ಕಾಲು ಮುರದದ್ದು, ಬಿಟ್ಟು ಹೋದದ್ದು.
ಅಂವ ಪಟ್ಟಿ ಕೆಳಗ ಮ್ಯಾಲ ಎಳದ.
ಇದರಾಗ ಅದು ಇಲ್ಲ.
ಲೋಡಿಂಗ್ ಅನ್‌ಲೋಡಿಂಗ್ ಅಂತ ಹಾಕಲೇನು?
ಹಾಕು, ಅಂದೆ. ವೀಸಾ ಮುಗಿಯೂದಕ್ಕ
ಒಂಬತ್ತು ದಿನ ಉಳದಿತ್ತು.

ಹುಬ್ಬಳ್ಳಿಯಾಗ ಮೊದಲು ನಾನು ನಾಯಿ ಬಂಡಿಯವ.
ಬಂಡಿ ಮುನ್ಸಿಪಾಲ್ಟಿದು, ಇಕ್ಕಳ ನನ್ನ ಕೈಯಾಗಿಂದು.
ಗಂಟಿಕೇರಿ ಹುಡುಗರು ಕಲ್ಲೊಗಿತಿದ್ರು, ನಾಯಿಗಲ್ಲ, ನನಗ.
ಒಂದಿನ ಇಕ್ಕಳದಾಗ ಸಿಕ್ಕಿದ್ದು ಮರಿ ಹಾಕಿದ ಹೆಣ್ಣು ನಾಯಿ;
ಮೊಲಿಹಾಲು ಡಾಂಬರಿನ ಮ್ಯಾಲ ಗೆರಿ ಎಳಕೊಂತ ಬಂತು.
ಇಕ್ಕಳ ಅಲ್ಲೇ ಇಟ್ಟೆ.
ಆಮ್ಯಾಲ ಹನ್ನೊಂದು ವರ್ಷ ಪ್ರಾಣಿ ದಯಾ ಸಂಘದಾಗ
ಸೂಜಿ, ಹೊಲಿಗಿ, ಹುಳಾ ಬಿದ್ದ ಗಾಯಕ್ಕ ಟರ್ಪೆಂಟೈನ್,
ಉಳೀದಿದ್ರ ಕುಣಿ ತೋಡೂದು.
ಜೋಡಳ್ಳಿ ಮಾಸ್ತರು ತಮ್ಮ ಕೈಲೆ ಬರದ ಸರ್ಟಿಫಿಕೇಟು,
ದುಂಡನ್ನ ನೇರಳೆ ಸೀಲು.

ಅದರ ಬೆನ್ನು ತುಂಬ ಮುದ್ರಿ ಬೇಕಂತ ಈಗ:
ನೋಟರಿ, ಬೆಂಗಳೂರು, ದಿಲ್ಲಿ, ರಾಯಭಾರಿ ಕಚೇರಿ,
ಕೊನಿಗೆ ಇಲ್ಲಿ ಮಂತ್ರಾಲಯದ ಮಿಂಚೂ ಚೀಟಿ.
ಅದರಾಗ ದಾವಲಸಾಬ, ಪಾಸ್‌ಪೋರ್ಟಿನಾಗ ದಾವಲ್ ಸಾಹೇಬ್,
ವಿಮಾ ಕಾರ್ಡಿನಾಗ ಬರೇ ಡವಾಲ್.
ಮೂರೂ ಮಂದಿ ಒಬ್ಬನ ಅಂತ
ಇಪ್ಪತ್ತು ರೂಪಾಯಿ ಬಾಂಡಿನ ಮ್ಯಾಲ ಆಣಿ ಮಾಡಿದೆ.
ಸಂಘಕ್ಕ ಫೋನ್ ಹಚ್ಚಿ ಖಾತ್ರಿ ಮಾಡಕೋತೇವಿ, ಅಂದ್ರು.
ಸಂಘ ಮುಚ್ಚೇದ. ಮಾಸ್ತರು ತೀರಕೊಂಡಾರ.
ಆ ನಂಬರು ಈಗ ಕವರು ಚಾರ್ಜರು ಮಾರೂ ಹುಡುಗ ಎತ್ತತಾನ.
‘ದಾವಲಸಾಬ? ಅದು ಯಾವ ಮಾಡೆಲ್ಲರಿ?’

ಜೂನಿನಾಗ ಮಂದಿ ಊರು ಬಿಡತಾರ,
ನಮ್ಮ ಗೇಟಿನ ಮುಂದ ಪೆಟ್ಟಿಗಿ ಇಟ್ಟು,
ಗಾಡಿ ಬಂದ್ ಸಹಿತ ಮಾಡದ.
ಹಂಗ ಬಂದ ಕೆಂಚ ಬೆಕ್ಕೊಂದಕ್ಕ ಮ್ಯಾಂಚೆಸ್ಟರಿನಾಗ ಮನಿ ಸಿಕ್ಕಿತು.
ಚಿಪ್ಪು, ಲಸಿಕಿ ಪುಸ್ತಕ, ವಿಮಾನದ ಚೀಟಿ,
ನಾಕು ದಿನದಾಗ ಎಲ್ಲಾ ಪಾಸು.
ಹಿಡಕೊಂಡಾವ ನಾನು,
ಸಹಿ ಮಾಡಿದವರು ಡಾಕ್ಟರ್ ಇಂತಿಸಾರ್.

ಅವರು ಒಮ್ದುರ್ಮಾನಿನಾಗ ಪಾಠ ಹೇಳತಿದ್ರು.
ಯುದ್ಧದಾಗ ಕಾಲೇಜಿನ ದಫ್ತರ ಸುಟ್ಟು ಹೋಗಿ
ಇಲ್ಲಿ ಎರಡು ವರ್ಷ ಒಂಟಿ ಕೊಟ್ಟಿಗಿ ಗುಡಿಸಿದ್ರಂತ.
ನನಗೊಂದು ಪತ್ರ ಬರಕೊಟ್ರು:
ನಾಯಿ ಕಚ್ಚೂದು ಇವಂಗ ನಾಯಿಗಿಂತ ಮೊದಲ ತಿಳೀತದ.
ಶಂಸೀರ್ ಓದಿ ನಕ್ಕ.
ಇದನ್ನ ಯಾವ ಖಾನೆದಾಗ ತುಂಬಲಿ, ಭಾಯ್?

ಪರೀಕ್ಷಾ ಇತ್ತು. ಒಂದು ಪ್ರಶ್ನೆ ನೆನಪದ.
ಅಂಜಿದ ನಾಯಿ ಮೂಲಿಯಾಗದ. ಮೊದಲು ಏನು ಮಾಡತೀರಿ?
ಕೈಗವಸು. ಹಗ್ಗ. ಬಾಯಿಪಟ್ಟಿ. ಮೇಲಧಿಕಾರಿ.
ನಾನು ಬೆನ್ನು ತಿರುಗಿಸಿ ಕೂಡತೇನಿ,
ಜೇಬಿನಾಗಿನ ಖುಬ್ಬೂಸ್ ಮುರದು ತಿನಕೊಂತ,
ನನಗೂ ಅದಕ್ಕೂ ಸಂಬಂಧನ ಇಲ್ಲದಂಗ.
ನಾಕರಾಗ ಅದು ಇರಲಿಲ್ಲ.
ಕೈಗವಸಿಗೆ ಗುರುತು ಹಾಕಿದೆ.
ಎರಡು ಅಂಕದಾಗ ಹೋತು.

ಮತ್ತ ಕಟ್ಟೇನಿ, ಹದಿನಾಲ್ಕನೇ ತಾರೀಖಿಗೆ.
ಅರಬ್ಬಿ ಹೆಸರು ಕೇಳತಾರಂತ.
ಬಾಲಕ್ಕ ಧೈಲ್.
ಒಂಟಿ ಪಾದಕ್ಕ ಖುಫ್, ಕತ್ತಿ ಗೊರಸಿಗೆ ಹಾಫಿರ್.
ಒಂಟಿ ಅಂದ್ರ ನಮ್ಮ ಕಡೆ ಪ್ರಾಣಿನೂ ಹೌದು,
ಒಬ್ಬನ ಇರೂದೂ ಹೌದು;
ಆ ಪ್ರಶ್ನೆ ಬರೂದಿಲ್ಲ.

ರಾತ್ರಿ ಹನ್ನೆರಡಾದ್ರೂ ಸೆಕಿ ಇಳದಿಲ್ಲ.
ಗುಡ್ಡದ ದಾರಿಯಾಗ ಸಿಕ್ಕ ಮುದಿ ಕತ್ತಿ,
ಚಪ್ಪಲಿ ತುದಿ ಹಂಗ ಗೊರಸು ಬೆಳದು ಮ್ಯಾಲ ಬಾಗ್ಯಾವ.
ಮೊಣಕಾಲ ಮ್ಯಾಲ ಅದರ ಕಾಲಿಟ್ಟಕೊಂಡು
ಹಾಫಿರ್, ಅಂದೆ.
ಹಾಫಿರ್.
ಉಚ್ಚಾರ ತಪ್ಪಿತ್ತು ಅಂತ ಕಾಣತದ.
ಒಂದು ಕಿವಿ ಹೊಳ್ಳಿಸಿ ನೋಡಿ
ಮತ್ತ ಹುಲ್ಲಿಗೆ ಬಾಯಿ ಹಾಕಿತು.