ಒಂದು ಹಿಡಿ ಅಕ್ಕಿಯ ಪಾತ್ರ

ದೊಡ್ಡಮ್ಮ ಹದಿನೇಳು ಸಿನಿಮಾದಲ್ಲಿದ್ದಾಳೆ.
ಒಟ್ಟು ಸೇರಿಸಿದರೆ ಮುಕ್ಕಾಲು ಗಂಟೆ ಆಗಲಿಕ್ಕಿಲ್ಲ,
ಜೆಪ್ಪುವಿನಿಂದ ಬಂದರಿಗೆ ನಡೆದು ಹೋಗಿ
ಬಂಗುಡೆಗೆ ಚೌಕಾಸಿ ಮಾಡುವಷ್ಟು ಹೊತ್ತು.

ಐವತ್ತಮೂರರಲ್ಲಿ ಮದ್ರಾಸ್ ಮೇಲ್ ಹತ್ತಿದಳಂತೆ
ಹಂಚಿನ ಕಾರ್ಖಾನೆಯ ಐತಪ್ಪನ ಮಗಳು ವಾರಿಜ.
ಟ್ರಂಕಿನಲ್ಲಿ ಎರಡು ವಾಯಿಲ್ ಸೀರೆ,
ಶಾಲೆಯ ನಾಟಕದಲ್ಲಿ ಬಹುಮಾನ ಸಿಕ್ಕಿದ ಸೋಪಿನ ಡಬ್ಬಿ.
ಅಪ್ಪನ ರೆಪ್ಪೆಯ ಮೇಲೆ ಹಂಚಿನ ಕೆಂಪು ಧೂಳು;
ಪ್ಲಾಟ್‌ಫಾರ್ಮಿನಲ್ಲಿ ಅವನು ಅತ್ತದ್ದು
ಎರಡು ಗೆರೆಯಾಗಿ ಕಂಡಿತಂತೆ, ಅಷ್ಟೆ.

ಮೊದಲ ಪಾತ್ರ: ಹಾಲಿನ ಲೋಟ ಹಿಡಿದು ಬರುವುದು.
ಎರಡನೆಯದು: ಲೋಟ ಹಿಡಿದು ಬಂದು ಬೀಳಿಸುವುದು.
ಹಾಲಲ್ಲ ಮಾರಾಯ್ತಿ, ಸೀಮೆಸುಣ್ಣದ ನೀರು,
ಆ ದೀಪಗಳಿಗೆ ಅದೇ ಬೆಳ್ಳಗೆ ಕಾಣುವುದು.
ಇಪ್ಪತ್ತನಾಲ್ಕಕ್ಕೆ ತಾಯಿಯಾದಳು,
ಕಿವಿಯ ಮೇಲಿನ ಕೂದಲಿಗೆ ಪೌಡರು ಬಳಿದು.
ಅವಳಿಗಿಂತ ಎಂಟು ವರ್ಷ ದೊಡ್ಡ ಮಗ
ಕಾಲಿಗೆ ಬಿದ್ದು ಅಮ್ಮಾ ಎಂದಾಗ
ನಗು ಬಂದು ಆರು ಟೇಕ್.
ಹಾಳಾದ ಫಿಲ್ಮಿನ ದುಡ್ಡು
ಅವಳ ಎಪ್ಪತ್ತೈದು ರೂಪಾಯಿಯಲ್ಲಿ ಮುರಿದುಕೊಂಡರು.

ನಾಯಕಿಗೆ ಮಲ್ಲಿಗೆ ಕಟ್ಟಲಿಕ್ಕೆ ಬರುವುದಿಲ್ಲ.
ಕ್ಲೋಸಪ್ಪಿನಲ್ಲಿ ಬಾಳೆನಾರು ಸುತ್ತುವ ಬೆರಳು ನಮ್ಮವಳವು,
ಮೇಲೆ ಮುಖ ಇನ್ನೊಬ್ಬಳದು.
ಅವಳದೇ ಮುಖ ಬಂದಲ್ಲೆಲ್ಲ
ದನಿ ಇನ್ನೊಬ್ಬಳದು, ಮೈಸೂರು ಕಡೆಯ ಮೆತ್ತಗಿನ ದನಿ.
ನಿನ್ನ ಕನ್ನಡ ಪುಸ್ತಕದ ಹಾಗಿದೆ, ಎಂದರಂತೆ ಸೌಂಡಿನವರು,
ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡು.
ಮನೆಯಲ್ಲಿ ಅವಳು ಮಾತಾಡುವುದು ತುಳು.
ಹೇಳಲಿಲ್ಲ.

ಹಂಪನಕಟ್ಟೆಯ ಟಾಕೀಸಿಗೆ ಚಿತ್ರ ಬಂದಾಗ
ಅಜ್ಜ ಭಟ್ಟಿಯ ಒಂಬತ್ತು ಜನರನ್ನು ಕರೆದುಕೊಂಡು ಹೋಗಿ
ಬೆಂಚಿನಲ್ಲಿ ಕೂರಿಸಿದ. ಮಗಳು ಬಾಯಿ ತೆರೆದಳು.
ಅವನು ಎದ್ದ. "ಇಂದು ನಮ್ಮ ವಾರಿಜನ ಸ್ವರ ಅತ್ತ್."
ಕೂತುಕೊಳ್ಳಿ ಎಂದು ಹಿಂದಿನವರ ಬೊಬ್ಬೆ.
ಇಂಟರ್‌ವಲ್ಲಿನ ಸೋಡಾ ಕುಡಿಯದೆ ಮನೆಗೆ ಬಂದ.

ಆಮೇಲೆ ಆ ಹನ್ನೊಂದನೆಯದು.
ಬಾಗಿಲಲ್ಲಿ ಭಿಕ್ಷುಕ: ಒಂದು ಹಿಡಿ ಅಕ್ಕಿ ಇದೆಯೇನಮ್ಮಾ?
ದನಿ ಕೊಡುವವಳಿಗೆ ಅಂದು ಶೀತವೋ, ಬಸ್ಸಿನ ಹೊತ್ತೋ,
ಒಂದು ಶಬ್ದ ಬಿಟ್ಟುಹೋಯಿತು.
ಇವಳದೇ ಉಳಿಯಿತು:

ಉಂಟು.

ಇಡೀ ಬೆಂಚು ಕ್ಲಾಸು ಎದ್ದು ನಿಂತಿತು.
ಮೀನಿನವರು, ದೋಣಿಯವರು, ಗೇರುಬೀಜದ ಹೆಂಗಸರು,
ಉಂಟು ಉಂಟು ಎಂದು ಕೂಗಿ ಶಿಳ್ಳೆ;
ನಾಯಕನ ಕತ್ತಿವರಸೆಗೂ ಅಷ್ಟು ಬಿದ್ದಿರಲಿಲ್ಲ.
ಅಜ್ಜ ಹದಿಮೂರು ದಿನ ಹೋದ,
ಆ ಮಾತು ಕೇಳಿ ಎದ್ದು ಬರುತ್ತಿದ್ದ.
ಕೊನೆಕೊನೆಗೆ ಗೇಟಿನವನು ಟಿಕೇಟು ಕೇಳಲಿಲ್ಲ.

ಅರವತ್ತೇಳರಲ್ಲಿ ತಿರುಗಿ ಬಂದಳು.
ಯಾಕೆಂದು ಯಾರೂ ಕೇಳಲಿಲ್ಲ,
ಅಥವಾ ಕೇಳಿದರು, ನಾನಾಗ ಸಣ್ಣವಳು.
ಮೂವತ್ತು ವರ್ಷ ಬೀಡಿ ಕಟ್ಟಿದಳು.
ಬ್ರಾಂಚಿನ ಪಾಸುಪುಸ್ತಕದಲ್ಲಿ ಅವಳ ಸಹಿ ನೋಡಬೇಕು:
ಬಾಲ ಎಳೆದು, ಸುತ್ತಿ, ಅಡಿಯಲ್ಲಿ ಮೂರು ಚುಕ್ಕಿ.
ಆಟೋಗ್ರಾಫಿಗೆಂದು ಕೋಡಂಬಾಕದ ಬಾಡಿಗೆ ಕೋಣೆಯಲ್ಲಿ
ಬರೆದು ಬರೆದು ಕಲಿತದ್ದು.
ವಾರಕ್ಕೊಮ್ಮೆ ಬೇಕಾಯಿತು.

ಮೊನ್ನೆ ಟಿವಿಯಲ್ಲಿ ಹಾಕಿದರು ಆ ಹನ್ನೊಂದನೆಯದನ್ನು,
ನಡುರಾತ್ರಿ ಕಳೆದು ಒಂದೂವರೆಗೆ.
ಎಬ್ಬಿಸಿ ಕೂರಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ.
ಭಿಕ್ಷುಕ ಬಂದ. ಅಕ್ಕಿ ಕೇಳಿದ.
ಆಗಲೇ ಕೂದಲೆಣ್ಣೆಯ ಜಾಹೀರಾತು,
ಮತ್ತೆ ಬಂಗಾರದ್ದು, ಮತ್ತೆ ಬಸಳೆಗಿಂತ ಹಸಿರಾದ ಸಾಬೂನು.
ಸಿನಿಮಾ ತಿರುಗಿ ಬರುವಾಗ
ಜೋಳಿಗೆ ಹೆಗಲಿಗೇರಿಸಿ ಅವನು ದಾರಿ ಹಿಡಿದಿದ್ದ.

ನಾನು ಬೈದೆ, ಟಿವಿಯವರ ಮೂರು ತಲೆಮಾರಿಗೆ.
ದೊಡ್ಡಮ್ಮ ದಿಂಬು ಸರಿಸಿ ಮಗ್ಗುಲಾದಳು.
"ಅಕ್ಕಿ ಕೊಟ್ಟಾಯಿತಲ್ಲ," ಎಂದಳು,
"ಆಫ್ ಮಾಡು."