ಹತ್ತು ಗ್ರಾಂ

ಫೆಬ್ರವರಿಯವರು ಬರುವ ತಿಂಗಳು.
ಹುಟ್ಟಿದ ತಿಂಗಳಿಗೆ ಸರಿಯಾಗಿ ನಮ್ಮಿಂದ ಕಾಗದ ಹೋಗುತ್ತದೆ:
ರಕ್ತ ಕೊಟ್ಟು ಹೋಗಿ, ವಾರ ಬಿಟ್ಟು ಬನ್ನಿ,
ಬೆಳಗಿನ ಮೂತ್ರ ತನ್ನಿ.
ಹೊರೇಸ್ ಸ್ಟಾದರ್ಸ್ ಅದನ್ನು ನಾಲ್ಕು ಮಡಿಕೆ ಮಡಚಿ ತರುತ್ತಾರೆ,
"ಈ ಸಲವೂ ಕೇಕಿನ ಚಿತ್ರ ಹಾಕಿಲ್ಲವಲ್ಲ ನೀವು" ಅನ್ನುತ್ತಾರೆ.
ಆರು ವರ್ಷದಿಂದ ಅದೇ ಮಾತು,
ಆರು ವರ್ಷದಿಂದ ನಾನೂ ನಗುತ್ತೇನೆ.

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ ನಮ್ಮ ಕ್ಲಿನಿಕ್ಕು.
ಕಿಟಕಿ ತೆರೆದರೆ ಹೊಗೆ ಹಾಕಿದ ಮೀನಿನ ವಾಸನೆ.
ಒಬ್ಬರಿಗೆ ಇಪ್ಪತ್ತು ನಿಮಿಷ.

ತೂಕಕ್ಕೆ ನಿಂತರೂ ಕೋಟು ಕಳಚಲೊಲ್ಲರು,
"ಎರಡು ಕಿಲೋ ಅದರ ಲೆಕ್ಕಕ್ಕೆ ಬರಿ ಮಗಳೇ."
ಬಿ.ಪಿ. ಮೊದಲ ಸಲ ಹೆಚ್ಚು.
ಸಾಕಿದ ಹಕ್ಕಿಯ ಸುದ್ದಿ ಕೇಳಿದೆ, ಇಳಿಯಿತು.
ಪಂಜರದ ಗೆಜ್ಜೆ ಎಲ್ಲೋ ಕಳೆದುಹೋಗಿ
ಕ್ರಿಸ್‌ಮಸ್ಸಿನಿಂದ ಮುನಿಸಿಕೊಂಡಿದೆಯಂತೆ ಅದು.
ಸಿಗರೇಟು? "ಬಿಟ್ಟು ಮೂವತ್ತು ವರ್ಷ. ಮರೆಯೋಣವೆಂದರೆ
ವರ್ಷಕ್ಕೊಮ್ಮೆ ನೀನು ನೆನಪು ಮಾಡುತ್ತೀ."
ಸಕ್ಕರೆಯ ಮೂರು ತಿಂಗಳ ಲೆಕ್ಕ ಅರವತ್ತೊಂದು,
ಹೋದ ವರ್ಷ ಐವತ್ತೆಂಟು.
ಸಮುದ್ರದ ಉಬ್ಬರದ ಸುದ್ದಿ ಕೇಳಿದವರಂತೆ
"ಏರುತ್ತಿದೆ" ಅಂದರು, ಅಷ್ಟೆ.

ಆಮೇಲೆ ಕಾಲು.
ಡ್ರಾಯರಿನಲ್ಲಿ ಒಂದು ನೈಲಾನ್ ಎಳೆಯಿದೆ,
ಚರ್ಮಕ್ಕೆ ಒತ್ತಿದರೆ ಸರಿಯಾಗಿ ಹತ್ತು ಗ್ರಾಂ ಭಾರಕ್ಕೆ ಬಾಗುತ್ತದೆ.
ನೈಲಾನಿನ ಪಾಠ ಅವರಿಗೆ ನಾನು ಹೇಳಬೇಕಿಲ್ಲ.
ಐಸ್‌ಲ್ಯಾಂಡಿನ ಕಡಲಲ್ಲಿ, ಹಿಮ ಕಟ್ಟಿದ ಡೆಕ್ಕಿನ ಮೇಲೆ
ಹರಿದ ಬಲೆಯನ್ನು ಬರಿಗೈಯಲ್ಲಿ ಹೆಣೆದವರು,
ಕತ್ತಲಲ್ಲಿ ಬೆರಳೇ ಕಣ್ಣು.
"ಕಣ್ಣು ಮುಚ್ಚಿ. ಮುಟ್ಟಿದಾಗ ಹೂಂ ಅನ್ನಿ."

ಹೆಬ್ಬೆರಳು. ಹೂಂ.
ನಡುಬೆರಳು. ಹೂಂ.
ಕಿರುಬೆರಳು. ಹೂಂ.
ಪಾದದ ಉಬ್ಬು. ಹೂಂ.
ಯಾಕೋ ಅನುಮಾನ. ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತೆ.
ಹೂಂ, ಅಂದರು.
ನನ್ನ ಉಸಿರಿನ ಏರಿಳಿತಕ್ಕೆ, ಸ್ಟೂಲಿನ ಕಿರುಗುಟ್ಟಿಗೆ,
ಪ್ಲಾಸ್ಟಿಕ್ ಏಪ್ರನ್ನಿನ ಸರಸರಕ್ಕೆ ಹೂಂ,
ಕತೆ ಕೇಳುತ್ತ ಕೇಳುತ್ತ ನಿದ್ದೆ ಹೋದ ಮಗು
ಕತೆ ನಿಂತುಬಿಟ್ಟೀತೆಂದು
ನಿದ್ದೆಯಲ್ಲೇ ಹೂಂಗುಟ್ಟುವ ಹಾಗೆ.
ಮುಟ್ಟಿದ್ದು ನಾಲ್ಕು ಕಡೆ, ಎಣಿಸಿದ್ದು ಏಳು ಹೂಂ.
ಆರು ವರ್ಷ ನಾನು ಬರೆದಿಟ್ಟ "ಸ್ಪರ್ಶ ಸರಿಯಿದೆ"ಗಳಲ್ಲಿ
ಕಾಲಿನವು ಎಷ್ಟು, ಕಿವಿಯವು ಎಷ್ಟು?

ಎಡ ಪಾದ ಎತ್ತಿ ಹಿಡಿದೆ.
ಉಬ್ಬಿನಡಿ ಕಾಸಿನಗಲ ಹುಣ್ಣು, ಅಂಚು ಬಿಳಿಚಿ,
ನಡುವೆ ಗೀರು ಗೀರು, ಯಾರೋ ಅಚ್ಚೊತ್ತಿದಂತೆ.
ಬೂಟು ತಿರುವಿ ಕುಟ್ಟಿದೆ.
ಟಿಣ್ ಅನ್ನಲೂ ಆಗದೆ ನೆಲಕ್ಕೆ ಬಿತ್ತು
ಚಪ್ಪಟೆಯಾದ ಹಿತ್ತಾಳೆ ಗೆಜ್ಜೆ.

"ಅರೆ, ಇಲ್ಲಿತ್ತೇ ಇದು!"
ಹೊರೇಸರ ಮುಖ ಹಬ್ಬವಾಯಿತು.
ಸೋಫಾದಡಿ ಹುಡುಕಿದ್ದು, ಬಿಸ್ಕತ್ತಿನ ಡಬ್ಬಿ ಸುರಿದದ್ದು,
ಹಕ್ಕಿಯೇ ನುಂಗಿತೇನೋ ಎಂದು ಅದರ ಹೊಟ್ಟೆ ಒತ್ತಿ ನೋಡಿದ್ದು
ಎಲ್ಲ ಹೇಳುತ್ತ ಹೋದರು.
ಏಳು ವಾರ ಕಾಲಿಗೆ ಗೆಜ್ಜೆ ಇಟ್ಟುಕೊಂಡೇ
ಅಂಗಡಿಗೆ, ಪೋಸ್ಟಾಫೀಸಿಗೆ, ಗೆಳೆಯನೊಬ್ಬನ ಮಣ್ಣಿಗೆ
ನಡೆದಿದ್ದಾರೆ,
ಅದರ ದನಿ ಅರೆದು ಹೋಗುವವರೆಗೆ.
ಮಾತು ಅರ್ಧಕ್ಕೆ ನಿಂತಿತು.
ಪಾದವನ್ನು ನೋಡಿದರು, ಪಕ್ಕದ ಮನೆಯವರದೆಂಬಂತೆ.
"ಹಾಗಾದರೆ ಈ ವರ್ಷ ನಾನು ಫೇಲೇ?"

ತೊಳೆದೆ, ಕಟ್ಟಿದೆ, ಆಸ್ಪತ್ರೆಗೆ ಫೋನು ಮಾಡಿದೆ.
ನಾಳೆ ಒಂಬತ್ತೂವರೆಗೆ, ಟ್ಯಾಕ್ಸಿಯಲ್ಲಿ, ನಡೆಯಕೂಡದು.
ಇಪ್ಪತ್ತು ನಿಮಿಷ ನಲವತ್ತಾಗಿ
ಹೊರಗಿನ ಕುರ್ಚಿಯಲ್ಲಿ ಇನ್ನೊಬ್ಬ ಫೆಬ್ರವರಿಯವರು ಕೆಮ್ಮಿದರು.
ಮುಂದಿನ ತಪಾಸಣೆ ಹನ್ನೆರಡು ತಿಂಗಳಿಗೆ ಎಂದು
ಕಂಪ್ಯೂಟರು ತಾನೇ ತುಂಬಿಕೊಂಡಿತ್ತು. ಅಳಿಸಿದೆ.

ಬಾಗಿಲಲ್ಲಿ ನಿಂತು ಅಂದರು:
"ಸುಳ್ಳಾಡಲಿಲ್ಲ ಮಗಳೇ.
ಮುಟ್ಟುತ್ತಿದ್ದೀ ಅಂತಲೇ ಅನ್ನಿಸಿತು."
ಬೆರಳು ಮಾತ್ರ ಆ ಚಪ್ಪಟೆ ಹಿತ್ತಾಳೆಯನ್ನು
ಅಂಚು ಹುಡುಕಿ ಹುಡುಕಿ, ಮೆಲ್ಲಗೆ ಒತ್ತಿ,
ಮತ್ತೆ ಗುಂಡಗೆ ಮಾಡಲು ನೋಡುತ್ತಿತ್ತು.