ನಮೂನೆ ಇಪ್ಪತ್ತಾರು

ಕಾರವಾರದ ಡಿ.ಸಿ. ಆಫೀಸಿನ ಎದುರು ಸಾಲಿನಲ್ಲಿ
ಮೂರನೆಯ ಗೂಡು ನನ್ನದು.
ಒಂದು ಕಂಪ್ಯೂಟರು, ಒಂದು ಪ್ರಿಂಟರು,
ಕಾಲಡಿ ಮುದಿ ಬ್ಯಾಟರಿ. ಪುಟಕ್ಕೆ ಮೂವತ್ತು.

ಅಚ್ಯುತ ಮಹಾಲೆ ಬಾಗಿ ಒಳಬಂದರು.
ಬಾಗಲೇಬೇಕು, ನನ್ನ ಬಾಗಿಲು ಹಾಗಿದೆ.
ಹೊಸ ಖಾದಿ ಜುಬ್ಬ, ಮಡಿಕೆ ಇನ್ನೂ ಮುರಿದಿಲ್ಲ,
ತೋಳಿನೊಳಗಿಂದ ಅಂಗಡಿಯ ಚೀಟಿ ಇಣುಕುತ್ತಿತ್ತು.
ಜೊತೆಗೆ ವಕೀಲರು, ಕರಪತ್ರದ ಕಟ್ಟು ಹೊತ್ತ ಹುಡುಗ.
"ದಿಲ್ಲಿಯದು ಬಾಯೀ, ತಪ್ಪಾಗಬಾರದು" ಅಂದರು ವಕೀಲರು.
ಪಂಚಾಯಿತಿಯದಾದರೆ ಆಗಬಹುದೇನೋ.

ಚರಾಸ್ತಿ ಹೊಡೆದೆ. ಪುಟ ತುಂಬಿತು.
ಬಿಟ್ಟುಬಂದದ್ದು ಕಂಪನಿಯನ್ನು, ಷೇರುಗಳನ್ನಲ್ಲ.
ಸ್ಥಿರಾಸ್ತಿ: ಪುಣೆ, ಗುರುಗ್ರಾಮ,
ಮಾಜಾಳಿಯಲ್ಲಿ ಹನ್ನೊಂದು ಗುಂಟೆ, ತೆಂಗು ಸಮೇತ.
ಸರ್ಕಾರಕ್ಕೆ ಬಾಕಿ: ನೀರು, ಇಲ್ಲ. ಬಾಡಿಗೆ, ಇಲ್ಲ. ವಿದ್ಯುತ್ತು?
ಇಲ್ಲ ಎಂದು ಅವರೇ ನಕ್ಕರು,
ಇಪ್ಪತ್ತೆಂಟು ವರ್ಷ ಕರೆಂಟು ಮಾರಿದವರು.

ಆಮೇಲೆ ಉದ್ಯೋಗದ ಕಲಂ.
"ಕೃಷಿ" ಅಂದರು ವಕೀಲರು, ತೆಂಗಿನ ಬಲದ ಮೇಲೆ.
"ಸಮಾಜಸೇವೆ" ಅಂದ ಹುಡುಗ.
ಮಹಾಲೆ ಪರದೆ ನೋಡುತ್ತ ಕೂತರು.
ಖಾಲಿ ಜಾಗದಲ್ಲಿ ಕರ್ಸರು
ದೇವಗಡದ ದೀಪದ ಹಾಗೆ ಬಂತು, ಹೋಯಿತು, ಬಂತು.

ಈ ದನಿ ನನಗೆ ಗೊತ್ತು. ಹದಿನಾಲ್ಕು ವರ್ಷದ ಹಿಂದೆ
ಇದೇ ಊರಿನಲ್ಲಿ ಅಹವಾಲು ಸಭೆ,
ನಡಾವಳಿ ಹೊಡೆಯಲು ದಿನಕ್ಕೆ ಇನ್ನೂರರಂತೆ ನಾನು.
ಇವರು ಚಿಮಣಿಯ ಚಿತ್ರ ತೋರಿಸಿದರು,
ಅದರ ಮೇಲಿನ ಆಕಾಶ ಎಷ್ಟು ನೀಲಿಯೆಂದರೆ
ಚಿಮಣಿಗೇ ನಂಬಿಕೆ ಬಂದಂತಿರಲಿಲ್ಲ.
ಕೊನೆಯ ಸಾಲಿನಿಂದ ಎದ್ದಳು ಶೇವಂತಿ ತಾಂಡೇಲ, ಕಂಕುಳಲ್ಲಿ ಖಾಲಿ ಬುಟ್ಟಿ:
"ಬಿಸಿನೀರು ಹೊಳೆಗೆ ಬಿಡ್ತ್ರಿ.
ಹೊಳೆಗೆ ಜ್ವರ ಬಂದ್ರೆ ಯಾವ ಡಾಕ್ಟರು ಬರ್ತಾನೆ?"
ಹೊಡೆದೆ. ಅದರ ಕೆಳಗೆ, ಸಾಹೇಬರು ಹೇಳಿಕೊಟ್ಟಂತೆ,
ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಲಾಯಿತು.

ಸ್ಥಾವರ ಬರಲಿಲ್ಲ.
ತಡೆದದ್ದು ತಾವೇ ಎನ್ನುವವರು ಊರಿಗೆ ಇಪ್ಪತ್ತು ಜನ.

ಹುಡುಗ ಕೊಟ್ಟ ಕರಪತ್ರ ಈಗ ನನ್ನ ಮೌಸಿನ ಕೆಳಗೆ:
ಮಹಾಲೆಯವರ ಫೋಟೋ, ಹಿಂದೆ ಕಾಳಿ ನದಿ, ದಪ್ಪಕ್ಷರದಲ್ಲಿ
ಹೊಳೆಗೆ ಜ್ವರ ಬಂದರೆ ಯಾವ ಡಾಕ್ಟರು?

ಹೇಳಿಯೇಬಿಡೋಣವೆಂದು ಬಾಯಿ ತೆರೆದೆ.
ಕರೆಂಟು ಹೋಯಿತು.

ಬ್ಯಾಟರಿ ಬಾಲ ತುಳಿದಂತೆ ಕಿರುಚಿ ಸುಮ್ಮನಾಯಿತು.
ಏಪ್ರಿಲ್ಲಿನ ಸೆಕೆ. ಖಾದಿ ಬೆನ್ನಿಗಂಟಿತು.
"ದಿನಕ್ಕೆ ಎಷ್ಟು ಸಲ ಹೋಗುತ್ತೆ?"
"ನಿಮಗೇ ಗೊತ್ತಿರಬೇಕಲ್ಲ ಸಾರ್."
ಹುಡುಗ ಮಾತ್ರ ನಕ್ಕ, ಆಮೇಲೆ ನಿಲ್ಲಿಸಿದ.

ಕತ್ತಲೆಯೇನಲ್ಲ, ಮಧ್ಯಾಹ್ನದ ಮಬ್ಬು. ಅದರಲ್ಲಿ ಅವರು
ಕೊಂಕಣಿಗೆ ಇಳಿದು, ತಗ್ಗಿದ ದನಿಯಲ್ಲಿ ಕೇಳಿದರು:
ಆ ಬುಟ್ಟಿಯ ಹೆಂಗಸು ಇದ್ದಾಳಾ?
ಇದ್ದಾಳೆ, ಬೈತಕೋಲದಲ್ಲಿ. ಕಿವಿ ಪೂರ್ತಿ ಹೋಗಿದೆ,
ಮಾತಾಡುವವರ ತುಟಿ ನೋಡುತ್ತಾಳೆ, ಅಂದೆ.
ಅವರು ಕರ್ಚೀಫು ತೆಗೆದು ತುಟಿ ಒರೆಸಿಕೊಂಡರು.
ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕರೆಂಟು ಬಂತು. ಆ ಕಲಂ ಹಾಗೇ ಇತ್ತು.
"ಖಾಲಿ ಬಿಟ್ಟರೆ ತಿರಸ್ಕಾರ ಸಾರ್."
"ಹಿಂದಿನದೇ ಬರೀ. ಮುಂದೆ 'ಮಾಜಿ' ಸೇರಿಸು."
ಮಾಜಿಯಾಗಿ ಹೊರಬಂದವರನ್ನು ಈ ರಸ್ತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ,
ಮಾಜಿಯಾಗಿಯೇ ಒಳಹೋಗುವವರು ಇವರೇ ಮೊದಲು.

ಒಂಬತ್ತು ಪುಟ. ಇನ್ನೂರ ಎಪ್ಪತ್ತು.
ಕೈಯಲ್ಲಿರುವ ನಗದು ಎರಡನೇ ಪುಟದಲ್ಲಿತ್ತು, ಜೇಬಿನಲ್ಲಿರಲಿಲ್ಲ.
ಹುಡುಗ ಫೋನು ಹಿಡಿದ.
ಗೋಡೆಯ ಪೆಟ್ಟಿಗೆ ರಸ್ತೆಗೆಲ್ಲ ಕೇಳುವಂತೆ ಸಾರಿತು:
ಇನ್ನೂರ ಎಪ್ಪತ್ತು ರೂಪಾಯಿ
ಸ್ವೀಕರಿಸಲಾಗಿದೆ.